ಫ್ಲಾಪಿಯೊಳಗಿನ ಬೆರಳು

ಸಿಂಥಸೈಜರ್ ಎಂಬ ವಾದ್ಯ ನಮ್ಮ ಹಾಡುಗಳೊಳಗೆ ಬಂದು ನಲವತ್ತು ವರ್ಷ ದಾಟಿತು. ಆ ಕಾಲದಲ್ಲಿ ಕೊಂಡ ಕೀಬೋರ್ಡುಗಳು ಪುಣೆಯ ಎಷ್ಟೋ ಮನೆಗಳಲ್ಲಿ ಇಂದಿಗೂ ಇವೆ. ಅಟ್ಟದ ಮೇಲೆ, ಮಂಚದ ಕೆಳಗೆ, ಹಳೆಯ ಸೀರೆ ಸುತ್ತಿಕೊಂಡು ಕೂತಿವೆ. ಅವುಗಳ ಒಳಗೆ, ಇಲ್ಲವೇ ಪಕ್ಕದ ಫ್ಲಾಪಿ ಡಬ್ಬಿಯೊಳಗೆ, ಅಂದಿನ ವಾದಕರು ರಾತ್ರಿಗಟ್ಟಲೆ ಕೂತು ಜೋಡಿಸಿದ ಸೀಕ್ವೆನ್ಸುಗಳಿವೆ. ಅವನ್ನು ಇಂದಿನ ಕಂಪ್ಯೂಟರಿಗೆ ಹೇಗೆ ಸಾಗಿಸಬೇಕು, ಸಾಗಿಸುವಾಗ ಏನು ಕೈಬಿಟ್ಟುಹೋಗುತ್ತದೆ ಎಂಬುದು ಇವತ್ತಿನ ಮಾತು. ವಾದ್ಯ ನುಡಿಸದವರೂ ಕೇಳಬೇಕು ಎಂದು ನನ್ನ ಆಸೆ. ಆ ಡಬ್ಬಿಗಳನ್ನು ದೀಪಾವಳಿಯ ಸ್ವಚ್ಛತೆಯಲ್ಲಿ ರದ್ದಿಯವನಿಗೆ ಹಾಕುವವರು ಹೆಚ್ಚಾಗಿ ವಾದಕರಲ್ಲ, ಅವರ ಮನೆಯವರು.

ಸೀಕ್ವೆನ್ಸ್ ಅಂದರೇನು ಎಂದು ಮೊದಲು ಹೇಳಿಬಿಡುತ್ತೇನೆ. ಟೇಪಿನಲ್ಲಿ ನಾದ ಇರುತ್ತದೆ. ಸೀಕ್ವೆನ್ಸಿನಲ್ಲಿ ಇರುವುದು ಬರೀ ಅಂಕಿ. ಕೀಬೋರ್ಡಿನ ಯಾವ ಮನೆ ಒತ್ತಿದರು, ಎಷ್ಟು ಜೋರಾಗಿ ಒತ್ತಿದರು, ಎಷ್ಟು ಹೊತ್ತು ಹಿಡಿದು ಬಿಟ್ಟರು, ಇಷ್ಟೇ. ಕೀಬೋರ್ಡಿನ ನಡುವಿನ ಸಿ ಮನೆಗೆ 60 ಎಂಬ ಸಂಖ್ಯೆ, ಅದರ ಪಕ್ಕದ ಕರಿ ಮನೆಗೆ 61. ಒತ್ತಿದ ರಭಸಕ್ಕೆ 1ರಿಂದ 127ರವರೆಗೆ ಇನ್ನೊಂದು ಸಂಖ್ಯೆ. ದರ್ಜಿಯ ಅಳತೆ ಪುಸ್ತಕದಲ್ಲಿ ಎದೆ, ತೋಳು, ಉದ್ದ ಎಲ್ಲ ಬರೆದಿರುತ್ತದೆ, ಬಟ್ಟೆ ಮಾತ್ರ ಇರುವುದಿಲ್ಲ, ಇದೂ ಹಾಗೆಯೇ. ಅಂಕಿಗಳು ಅದೇ ಯಂತ್ರದೊಳಗೆ ಇರುವತನಕ ಹಾಡು ಹಾಡಾಗಿಯೇ ಕೇಳುತ್ತದೆ. ಬೇರೆ ಯಂತ್ರಕ್ಕೆ ಹೋದ ಕೂಡಲೇ ಅವಕ್ಕೆ ಹೊಸ ದನಿ ಬೇಕು.

ಈ ಅಂಕಿಗಳು ಒಂದು ವಾದ್ಯದಿಂದ ಇನ್ನೊಂದಕ್ಕೆ ಹೋಗಲು ಒಪ್ಪಿತವಾದ ದಾರಿ ಸಿಕ್ಕಿದ್ದು 1983ರಲ್ಲಿ. ಆ ಜನವರಿಯಲ್ಲಿ ಅಮೆರಿಕದ ಅನಾಹೈಮ್‌ನಲ್ಲಿ ನಡೆದ ವಾದ್ಯ ವ್ಯಾಪಾರಿಗಳ ಮೇಳದಲ್ಲಿ, ಸೀಕ್ವೆನ್ಷಿಯಲ್ ಸರ್ಕ್ಯೂಟ್ಸ್ ಕಂಪನಿಯ ಪ್ರಾಫೆಟ್ 600 ಎಂಬ ಕೀಬೋರ್ಡಿಗೂ ರೋಲ್ಯಾಂಡ್ ಕಂಪನಿಯ ಜುಪಿಟರ್ 6ಕ್ಕೂ ಒಂದು ಕೇಬಲ್ ಹಾಕಿ, ಒಂದನ್ನು ನುಡಿಸಿದರೆ ಇನ್ನೊಂದೂ ನುಡಿಯುವುದನ್ನು ತೋರಿಸಿದರು. ಆ ದಾರಿಯ ಹೆಸರು ಮಿಡಿ. ಅದರ ಹಿಂದಿದ್ದವರಲ್ಲಿ ಮುಖ್ಯರು ಅಮೆರಿಕದ ಡೇವ್ ಸ್ಮಿತ್ ಮತ್ತು ಜಪಾನಿನ ಇಕುತಾರೊ ಕಕೆಹಾಶಿ. ಪೈಪೋಟಿಯ ಎರಡು ಕಂಪನಿಗಳ ಈ ಇಬ್ಬರಿಗೆ 2013ರಲ್ಲಿ ಟೆಕ್ನಿಕಲ್ ಗ್ರ್ಯಾಮಿ ಗೌರವ ಬಂತು. ಐದು ಪಿನ್ನುಗಳ ಆ ದುಂಡು ಸಾಕೆಟ್ಟು ಇಂದಿಗೂ ಬದಲಾಗಿಲ್ಲ. ನಮ್ಮ ಕೆಲಸ ಸಾಧ್ಯವಾಗುವುದೇ ಅದರಿಂದ.

ಮಿಡಿಗಿಂತ ಒಂದು ವರ್ಷ ಮೊದಲು ಮುಂಬಯಿಯಲ್ಲಿ ಒಂದು ಕೆಲಸ ನಡೆದಿತ್ತು. ಸಿನಿಮಾ ವಾದ್ಯವೃಂದಗಳಲ್ಲಿ ಗಿಟಾರ್ ನುಡಿಸುತ್ತಿದ್ದ ಚರಣಜಿತ್ ಸಿಂಗ್ ಅವರು 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ಕೂಡಿಸಿ ಎಚ್‌ಎಂವಿಗೆ ಒಂದು ರೆಕಾರ್ಡ್ ಮಾಡಿದರು. ಭೈರವಿ, ಲಲಿತ, ತೋಡಿ, ಯಮನ, ಮಾಲಕಂಸ ಎಲ್ಲ ಅದರಲ್ಲಿವೆ. ಬಳಸಿದ್ದು ರೋಲ್ಯಾಂಡಿನ ಮೂರು ಯಂತ್ರ: ಜುಪಿಟರ್ 8, ಟಿಆರ್ 808 ಎಂಬ ತಾಳಯಂತ್ರ, ಟಿಬಿ 303 ಎಂಬ ಬೇಸ್ ಯಂತ್ರ. ಆ ರೆಕಾರ್ಡು ಆಗ ಸದ್ದು ಮಾಡಲಿಲ್ಲ. 2010ರಲ್ಲಿ ಮರುಮುದ್ರಣವಾದಾಗ ಜಗತ್ತಿನ ಎಲೆಕ್ಟ್ರಾನಿಕ್ ಸಂಗೀತದವರೆಲ್ಲ ಬೆರಗಾದರು. ಆದರೆ ಟಿಬಿ 303ಕ್ಕೆ ಮಿಡಿ ಇರಲಿಲ್ಲ. ಒಳಗೆ ಕೂಡಿಸಿದ ನಡೆ ಉಳಿಯುವುದು ಬ್ಯಾಟರಿ ಇರುವವರೆಗೆ ಮಾತ್ರ. ಅಂಥ ಯಂತ್ರದಲ್ಲಿ ಕಟ್ಟಿದ್ದನ್ನು ಇಂದು ಕಂಪ್ಯೂಟರಿಗೆ ತರಬೇಕಾದರೆ ಕಿವಿಗೊಟ್ಟು ಕೇಳಿ ಒಂದೊಂದೇ ಸ್ವರ ಮತ್ತೆ ಬರೆಯಬೇಕು. ಮಿಡಿ ಬಂದ ಮೇಲಿನವರ ಭಾಗ್ಯ ಎಷ್ಟು ದೊಡ್ಡದು ಎಂದು ಇದರಿಂದ ತಿಳಿಯುತ್ತದೆ.

1986ರಲ್ಲಿ ಇಳಯರಾಜಾ ಅವರು ತಮಿಳಿನ ‘ಪುನ್ನಗೈ ಮನ್ನನ್’ ಚಿತ್ರಕ್ಕೆ ಕಂಪ್ಯೂಟರಿನಲ್ಲಿ ಸೀಕ್ವೆನ್ಸ್ ಮಾಡಿ ಸಂಗೀತ ಕೂಡಿಸಿದರು. ಆಗ ಕೀಬೋರ್ಡಿನ ಮುಂದೆ ಕೂತಿದ್ದ ಹುಡುಗ ದಿಲೀಪ್, ಮುಂದೆ ಎ.ಆರ್. ರೆಹಮಾನ್ ಆದವರು. ಅವರು ನಮ್ಮ ಹಂಸಲೇಖ ಅವರ ವಾದ್ಯವೃಂದದಲ್ಲೂ ಕೀಬೋರ್ಡ್ ನುಡಿಸಿದ್ದುಂಟು. ಹಂಸಲೇಖ ಅವರ 1987ರ ‘ಪ್ರೇಮಲೋಕ’ದ ಹಾಡುಗಳನ್ನು ಆಗ ಕ್ಯಾಸೆಟ್ ಸವೆಯುವಷ್ಟು ಕೇಳಿದವರಿಗೆ ಆ ಕಾಲದ ಕೀಬೋರ್ಡಿನ ದನಿ ಹೇಗಿತ್ತು ಎಂದು ನಾನು ವರ್ಣಿಸಬೇಕಾಗಿಲ್ಲ. ದೊಡ್ಡವರು ಸ್ಟುಡಿಯೋದಲ್ಲಿ ಮಾಡಿದ್ದನ್ನು ಊರೂರಿನ ಆರ್ಕೆಸ್ಟ್ರಾದವರು ವೇದಿಕೆಯ ಮೇಲೆ ಮಾಡಬೇಕಾಯಿತು. ಇಪ್ಪತ್ತು ಪಿಟೀಲು ಕೂಡಿಸುವ ಶಕ್ತಿ ಅವರಿಗೆಲ್ಲಿ? ಒಬ್ಬ ವಾದಕ, ಒಂದು ಕೀಬೋರ್ಡು. ಪಿಟೀಲು, ಬೇಸು, ಡ್ರಮ್ಸು ಮೊದಲೇ ತುಂಬಿಟ್ಟು, ಮುಂದಿನ ತುಣುಕನ್ನು ಕೈಯಿಂದ ನುಡಿಸುವುದು. ಪುಣೆಯ ಗಣೇಶೋತ್ಸವದ ಹತ್ತು ದಿನ, ಬಾಲಗಂಧರ್ವ ರಂಗಮಂದಿರದ ಸಂಜೆಗಳು, ಮದುವೆಯ ಮನೆಗಳು ಇವೆಲ್ಲ ಅಂಥ ವಾದಕರ ಕೆಲಸದ ಜಾಗ. ಅವರಲ್ಲಿ ಕನ್ನಡದವರೂ ಇದ್ದರು. ಕುಂದಗೋಳದ ಸವಾಯಿ ಗಂಧರ್ವರು ಕೊನೆಯ ದಿನಗಳನ್ನು ಕಳೆದ ಊರು ಪುಣೆ, ಗದಗಿನ ಭೀಮಸೇನ ಜೋಶಿಯವರು ಮನೆ ಮಾಡಿದ ಊರು. ಹಾಡುಗಾರರ ಹಿಂದೆ ಬೆಳಗಾವಿ, ಧಾರವಾಡ, ವಿಜಯಪುರದ ಕಡೆಯ ವಾದಕರೂ ರೈಲು ಹತ್ತಿ ಇಲ್ಲಿಗೆ ಬಂದರು.

ಈಗ ಯಂತ್ರದ ನೆನಪಿನ ವಿಷಯ. 1988ರಲ್ಲಿ ಬಂದ ಕಾರ್ಗ್ ಎಂ1 ಎಂಬ ಕೀಬೋರ್ಡ್ ನಮ್ಮಲ್ಲಿ ಬಹಳ ಹೆಸರು ಮಾಡಿತು. ದನಿಯೂ ಅದರಲ್ಲೇ, ಎಂಟು ಟ್ರ್ಯಾಕಿನ ಸೀಕ್ವೆನ್ಸರೂ ಅದರಲ್ಲೇ. ಆದರೆ ಅದಕ್ಕೆ ಫ್ಲಾಪಿ ಡ್ರೈವ್ ಇರಲಿಲ್ಲ. ಸೀಕ್ವೆನ್ಸು ಉಳಿಯುತ್ತಿದ್ದುದು ಒಳಗಿನ ಒಂದು ನಾಣ್ಯದಾಕಾರದ ಸೆಲ್ಲಿನ ಬಲದಿಂದ. ಮೂರು ವೋಲ್ಟಿನ ಆ ಸೆಲ್ಲು ಬಹಳ ವರ್ಷ ಬಾಳುತ್ತದೆ, ಆದರೆ ಮೂವತ್ತೈದು ವರ್ಷ ಬಾಳುವುದಿಲ್ಲ. ಹಾಗಾಗಿ ಹಳೆಯ ಕೀಬೋರ್ಡ್ ಕೈಗೆ ಬಂದರೆ ಮೊದಲ ಕೆಲಸ ಸ್ಕ್ರೂಡ್ರೈವರ್ ಹಿಡಿಯುವುದಲ್ಲ. ಮೊದಲು ಕರೆಂಟ್ ಕೊಟ್ಟು ನೋಡಿ. ಪರದೆಯ ಮೇಲೆ ಬ್ಯಾಟರಿ ಕಡಿಮೆ ಎಂಬ ಸೂಚನೆ ಬಂದರೆ ಯಂತ್ರವನ್ನು ಆರಿಸದೆ ಒಳಗಿನದೆಲ್ಲವನ್ನೂ ಹೊರಗೆ ತೆಗೆದುಕೊಳ್ಳಿ. ಸೆಲ್ಲು ಬದಲಿಸುವುದು ಆಮೇಲಿನ ಮಾತು. ಅಂಥ ಸೆಲ್ಲು ಬುಧವಾರ ಪೇಠೆಯ ತಾಪಕೀರ್ ಗಲ್ಲಿಯಲ್ಲಿ ಸಿಗುತ್ತದೆ, ಕೆಲವು ಯಂತ್ರಗಳಲ್ಲಿ ಅದನ್ನು ಬೆಸುಗೆ ಹಾಕಿರುತ್ತಾರೆ, ಕೈ ನುರಿತವರಿಂದಲೇ ಮಾಡಿಸಬೇಕು. ಆದರೆ ಹಳೆಯ ಸೆಲ್ಲು ತೆಗೆದ ಕ್ಷಣಕ್ಕೆ ಒಳಗಿನ ಹಾಡುಗಳೆಲ್ಲ ಹೋದವು ಎಂದೇ ತಿಳಿಯಬೇಕು.

ಫ್ಲಾಪಿ ಇದ್ದ ಯಂತ್ರಗಳ ಕಥೆ ಬೇರೆ. ಮೂರೂವರೆ ಇಂಚಿನ ಫ್ಲಾಪಿಗಳಲ್ಲಿ ಎರಡು ಜಾತಿ: 720 ಕಿಲೋಬೈಟಿನದು, 1.44 ಮೆಗಾಬೈಟಿನದು. ಎರಡನೆಯದಕ್ಕೆ ಎರಡೂ ಮೂಲೆಯಲ್ಲಿ ಚೌಕದ ತೂತು ಇರುತ್ತದೆ. ಹಳೆಯ ಕೀಬೋರ್ಡುಗಳು ಹೆಚ್ಚಾಗಿ ಬಳಸಿದ್ದು ಮೊದಲಿನ ಜಾತಿ. ಈಗ ಸಿಗುವ ಯುಎಸ್‌ಬಿ ಫ್ಲಾಪಿ ಡ್ರೈವುಗಳು ಕಂಪ್ಯೂಟರಿನ ಮಾಮೂಲಿ ವಿನ್ಯಾಸದಲ್ಲಿ ಬರೆದ ಫ್ಲಾಪಿಗಳನ್ನಷ್ಟೇ ಓದುತ್ತವೆ. ಎನ್ಸೋನಿಕ್‌ನಂಥ ಕಂಪನಿಗಳು ತಮ್ಮದೇ ವಿನ್ಯಾಸ ಮಾಡಿಕೊಂಡಿದ್ದವು. ಅಂಥ ಫ್ಲಾಪಿ ಹಾಕಿದಾಗ ಕಂಪ್ಯೂಟರು ‘ಇದನ್ನು ಫಾರ್ಮ್ಯಾಟ್ ಮಾಡಲೇ’ ಎಂದು ಕೇಳುತ್ತದೆ. ದಯವಿಟ್ಟು ಬೇಡ ಅನ್ನಿ. ಅದು ಹಾಳಾದ ಫ್ಲಾಪಿ ಅಲ್ಲ, ಬೇರೆ ಲಿಪಿಯಲ್ಲಿ ಬರೆದ ಫ್ಲಾಪಿ. ಮೊದಲು ಮೂಲೆಯ ಕಿಂಡಿ ಸರಿಸಿ ಬರಹಕ್ಕೆ ಬೀಗ ಹಾಕಿ. ಆಮೇಲೆ, ಲೋಹದ ಬಾಗಿಲನ್ನು ಸರಿಸಿ ಒಳಗಿನ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ. ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿದಿದ್ದರೆ ಬಿಳಿ ಚುಕ್ಕಿ ಕಾಣುತ್ತದೆ. ಅದನ್ನು ಹಾಗೆಯೇ ಡ್ರೈವಿಗೆ ಹಾಕಿದರೆ ಫ್ಲಾಪಿಯೂ ಹಾಳು, ಓದುವ ತಲೆಯೂ ಹಾಳು. ಬೂಷ್ಟು ಒರೆಸಿ ಒಣಗಿಸಿದ ಮೇಲೆ ಇಡೀ ಫ್ಲಾಪಿಯ ಪ್ರತಿಬಿಂಬವನ್ನು ಒಂದೇ ಕಡತವಾಗಿ ತೆಗೆದಿಡುವ ಸಲಕರಣೆಗಳಿವೆ. ಒಳಗಿರುವುದನ್ನು ಅರ್ಥಮಾಡಿಕೊಳ್ಳುವುದು ನಿಧಾನಕ್ಕೆ ಆದೀತು.

ಇದಕ್ಕೂ ಹಿಂದಿನ ಯಂತ್ರಗಳು, ಅಂದರೆ ಕಾರ್ಗ್ ಪಾಲಿ 800, ರೋಲ್ಯಾಂಡ್ ಜೂನೊ 106ರ ಕಾಲದವು, ತಮ್ಮ ನೆನಪನ್ನು ಮಾಮೂಲಿ ಆಡಿಯೋ ಕ್ಯಾಸೆಟ್ಟಿಗೆ ಬರೆಯುತ್ತಿದ್ದವು. ಅಂಥ ಕ್ಯಾಸೆಟ್ ಹಾಕಿದರೆ ಕೇಳುವುದು ಕಿವಿಗೆ ಕಿರಿಕಿರಿಯಾಗುವ ಒಂದು ಕೀರಲು ಸದ್ದು. ಆ ಸದ್ದೇ ದತ್ತಾಂಶ. ಅದನ್ನು ಕಂಪ್ಯೂಟರಿಗೆ ಹಾಕುವಾಗ ಗದ್ದಲ ಕಡಿಮೆ ಮಾಡುವ ಯಾವ ಸೌಲಭ್ಯವನ್ನೂ ಬಳಸಬಾರದು, ಎಂಪಿ3 ಮಾಡಬಾರದು. ವೇವ್ ಕಡತವಾಗಿಯೇ ಇಡಬೇಕು. ಆ ಕಡತವನ್ನು ಮರಳಿ ಯಂತ್ರಕ್ಕೆ ಕೇಳಿಸಿದರೆ ಯಂತ್ರಕ್ಕೆ ತನ್ನ ನೆನಪು ಬರುತ್ತದೆ.

ಇನ್ನು ಸಾಗಿಸುವ ಕೆಲಸ. ಯಂತ್ರ ತನ್ನ ಸೀಕ್ವೆನ್ಸನ್ನು ಸ್ಟ್ಯಾಂಡರ್ಡ್ ಮಿಡಿ ಫೈಲ್ ಎಂಬ ರೂಪದಲ್ಲಿ ಉಳಿಸಬಲ್ಲದಾದರೆ ಅರ್ಧ ಕೆಲಸ ಮುಗಿದಂತೆ. ಆ ರೂಪ 1988ರಲ್ಲಿ ಬಂತು, ಇಂದಿನ ಸಂಗೀತ ತಂತ್ರಾಂಶಗಳು ಬಹುತೇಕ ಎಲ್ಲವೂ ಅದನ್ನು ಓದುತ್ತವೆ. ಅದಿಲ್ಲದಿದ್ದರೆ ಹಾಡನ್ನು ಪೂರ್ತಿ ನುಡಿಸಿ, ನುಡಿಯುತ್ತಿರುವಾಗಲೇ ಕಂಪ್ಯೂಟರಿನಲ್ಲಿ ಹಿಡಿದುಕೊಳ್ಳಬೇಕು. ಯಂತ್ರದ ಮಿಡಿ ಔಟ್‌ನಿಂದ ಕಂಪ್ಯೂಟರಿನ ಮಿಡಿ ಇನ್‌ಗೆ ಒಂದು ಕೇಬಲ್. ಇಲ್ಲಿ ಹೊಸಬರು ಎಡವುವ ಜಾಗ ಲಯ. ಯಂತ್ರದ ಗಡಿಯಾರ ಒಂದು, ಕಂಪ್ಯೂಟರಿನ ಗಡಿಯಾರ ಇನ್ನೊಂದು. ಎರಡರಲ್ಲೂ 120 ಎಂದೇ ಬರೆದಿದ್ದರೂ ಅವು ಒಟ್ಟಿಗೆ ನಡೆಯುವುದಿಲ್ಲ. ಮೂರು ನಿಮಿಷದ ಹಾಡಿನ ಕೊನೆಗೆ ಸ್ವರಗಳೆಲ್ಲ ಗೆರೆಯಿಂದ ಆಚೆ ಸರಿದಿರುತ್ತವೆ. ಆದ್ದರಿಂದ ಒಬ್ಬರು ಗುರು, ಒಬ್ಬರು ಶಿಷ್ಯ ಆಗಬೇಕು. ಯಂತ್ರದ ಗಡಿಯಾರವನ್ನು ಹೊರಗಿನದಕ್ಕೆ ಒಪ್ಪಿಸಿ, ಇನ್ನೊಂದು ಕೇಬಲಿನಲ್ಲಿ ಕಂಪ್ಯೂಟರಿನಿಂದ ತಾಳ ಕಳಿಸುವುದು ನನಗೆ ಹಿಡಿಸಿದ ಕ್ರಮ. ಒಂದು ಮಾತ್ರೆಗೆ 24 ಮಿಡಿತ ಹೋಗುತ್ತವೆ, ಯಂತ್ರ ಅವನ್ನು ಎಣಿಸುತ್ತ ನಡೆಯುತ್ತದೆ. ಹಾಗೆ ಹಿಡಿದ ಹಾಡು ತಂತ್ರಾಂಶದ ಗೆರೆಗಳ ಮೇಲೆ ಸರಿಯಾಗಿ ಕೂಡುತ್ತದೆ.

ಕೆಲವು ಸಣ್ಣ ಸಂಗತಿಗಳು ಇಡೀ ದಿನವನ್ನು ತಿನ್ನುತ್ತವೆ, ಅವನ್ನೂ ಹೇಳುತ್ತೇನೆ. ಎಷ್ಟೋ ಯಂತ್ರಗಳಲ್ಲಿ ಟ್ರ್ಯಾಕುಗಳು ಒಳಗಿನ ದನಿಯನ್ನಷ್ಟೇ ನುಡಿಸಲಿ ಎಂದು ಹೊಂದಿಸಿರುತ್ತಾರೆ, ಹೊರಗೆ ಏನೂ ಬರುವುದಿಲ್ಲ. ಪ್ರತಿ ಟ್ರ್ಯಾಕನ್ನೂ ಹೊರಗೆ ಕಳಿಸುವಂತೆ ಬದಲಿಸಬೇಕು, ಪ್ರತಿಯೊಂದಕ್ಕೂ ಬೇರೆ ಚಾನೆಲ್ ಕೊಡಬೇಕು. ಮಿಡಿಯಲ್ಲಿ ಚಾನೆಲ್ 16 ಇವೆ, ಸಾಲುತ್ತವೆ. ಹಾಡಿನ ಮುಂದೆ ಎರಡು ಆವರ್ತನ ಖಾಲಿ ಬಿಡಬೇಕು, ಯಾವ ದನಿ ಎಂದು ಹೇಳುವ ಸಂದೇಶಗಳು ಮೊದಲ ಸ್ವರದ ಜೊತೆ ಗುದ್ದಾಡದಂತೆ.

ಎಲ್ಲ ಟ್ರ್ಯಾಕನ್ನೂ ಒಮ್ಮೆಲೇ ಹಿಡಿಯುವ ಆತುರವೂ ಬೇಡ. ಮಿಡಿ ಕೇಬಲಿನಲ್ಲಿ ಸೆಕೆಂಡಿಗೆ 31,250 ಬಿಟ್ ಹೋಗುತ್ತವೆ. ಒಂದು ಸ್ವರ ಒತ್ತಿದ ಸುದ್ದಿಗೆ 30 ಬಿಟ್ ಬೇಕು. ಲೆಕ್ಕ ಹಾಕಿದರೆ ಒಂದು ಸ್ವರಕ್ಕೆ ಹತ್ತಿರ ಹತ್ತಿರ ಒಂದು ಮಿಲಿಸೆಕೆಂಡ್. ಸಮ್ಮಿನ, ಅಂದರೆ ತಾಳದ ಮೊದಲ ಮಾತ್ರೆಯ, ಮೇಲೆ ಬೇಸು, ಢೋಲಕ್ಕು, ಪಿಟೀಲು, ಗಂಟೆ ಎಲ್ಲ ಸೇರಿ ಹನ್ನೆರಡು ಸ್ವರ ಬಿದ್ದರೆ ಅವು ಒಂದರ ಹಿಂದೊಂದು ಸಾಲಾಗಿ ಬರುತ್ತವೆ. ಕೊನೆಯದು ತಲುಪುವಾಗ ಹನ್ನೊಂದು ಮಿಲಿಸೆಕೆಂಡ್ ಕಳೆದಿರುತ್ತದೆ. ಕಾಗದದ ಮೇಲೆ ಅಲ್ಪ, ತಬಲಾ ಕೇಳಿ ಬೆಳೆದ ಕಿವಿಗೆ ಅಲ್ಪವಲ್ಲ. ಸಮ್ಮು ಮೆತ್ತಗಾದಂತೆ ಕೇಳುತ್ತದೆ. ಒಂದೊಂದೇ ಟ್ರ್ಯಾಕನ್ನು ಬೇರೆ ಬೇರೆ ಸಲ ನುಡಿಸಿ ಹಿಡಿದರೆ ಈ ತೊಂದರೆ ಇಲ್ಲ. ಹೊತ್ತು ಎಂಟು ಪಟ್ಟು ಹಿಡಿಯುತ್ತದೆ, ಹಿಡಿಯಲಿ.

ಈಗ ನನ್ನ ಮನಸ್ಸಿಗೆ ಅತಿ ಹತ್ತಿರದ ವಿಷಯಕ್ಕೆ ಬರುತ್ತೇನೆ: ಮೀಂಡು, ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತ ಹೋಗುವುದು.

ಮನೆಗಳಿರುವ ವಾದ್ಯಕ್ಕೂ ನಮ್ಮ ಸಂಗೀತಕ್ಕೂ ಜಗಳ ಹಳೆಯದು. ಸಾಂಗಲಿಯ ಕೃಷ್ಣಾಜಿ ಬಲ್ಲಾಳ ದೇವಲರು 22 ಶ್ರುತಿಗಳ ಮೇಲೆ ಬರೆದ ಪುಸ್ತಕ 1910ರಲ್ಲಿ ಇದೇ ಪುಣೆಯಲ್ಲಿ ಅಚ್ಚಾಯಿತು. ಇಂಗ್ಲಿಷ್ ಅಧಿಕಾರಿ ಕ್ಲೆಮೆಂಟ್ಸ್ ಮತ್ತು ಅವರು ಸೇರಿ ಶ್ರುತಿ ಹಾರ್ಮೋನಿಯಮ್ಮನ್ನೇ ಮಾಡಿಸಿದರು. ಆಕಾಶವಾಣಿಯೇ 1940ರಲ್ಲಿ ಹಾರ್ಮೋನಿಯಮ್ಮಿಗೆ ಬಾಗಿಲು ಹಾಕಿತು. ಅದರ ಸ್ವರಗಳು ಅಲುಗಾಡುವುದಿಲ್ಲ, ಗಮಕ ಬರುವುದಿಲ್ಲ ಎಂಬುದು ಆಕ್ಷೇಪ. ಆ ಬಾಗಿಲು ಮತ್ತೆ ತೆರೆಯಲು ಮೂವತ್ತು ವರ್ಷವೇ ಹಿಡಿಯಿತು. ಸಿಂಥಸೈಜರು ಈ ಜಗಳಕ್ಕೆ ಒಂದು ಉತ್ತರ ತಂದಿತು. ಮನೆಗಳ ಎಡಕ್ಕೆ ಒಂದು ಗಾಲಿ. ಬಲಗೈ ಸ್ವರ ಹಿಡಿದಿರುವಾಗ ಎಡಗೈ ಆ ಗಾಲಿ ತಿರುಗಿಸಿದರೆ ಸ್ವರ ಮೇಲಕ್ಕೋ ಕೆಳಕ್ಕೋ ಜಾರುತ್ತದೆ. ವಾದಕರು ಇದಕ್ಕೆ ಬೆಂಡ್ ಎನ್ನುತ್ತಾರೆ. ನಮ್ಮ ವಾದಕರು ಆ ಗಾಲಿಯಿಂದ ಕೊಳಲು, ಸಾರಂಗಿ, ಶಹನಾಯಿಗಳನ್ನು ನುಡಿಸಿದ್ದಾರೆ. ಪಶ್ಚಿಮದವರು ಅದನ್ನು ಅಪರೂಪಕ್ಕೆ ಮುಟ್ಟಿದರೆ ನಮ್ಮವರು ಅದನ್ನು ಬಿಟ್ಟದ್ದೇ ಅಪರೂಪ.

ಸೀಕ್ವೆನ್ಸಿನಲ್ಲಿ ಆ ಗಾಲಿಯ ಚಲನೆಯೂ ಅಂಕಿಯಾಗಿಯೇ ಇರುತ್ತದೆ, ಸೊನ್ನೆಯಿಂದ 16,383ರವರೆಗೆ, ನಡುವಿನ ನೆಲೆ 8,192. ಆದರೆ ಗಾಲಿ ಪೂರ್ತಿ ತಿರುಗಿದರೆ ಸ್ವರ ಎಷ್ಟು ದೂರ ಹೋಗಬೇಕು ಎಂಬುದು ಆ ಅಂಕಿಗಳಲ್ಲಿ ಇಲ್ಲ. ಅದು ಯಂತ್ರದ ಬೇರೊಂದು ಪುಟದಲ್ಲಿ, ದನಿಯ ಜೊತೆ ಇರುತ್ತದೆ. ಇಂದಿನ ತಂತ್ರಾಂಶದ ದನಿಗಳಲ್ಲಿ ಸಾಮಾನ್ಯವಾಗಿ ಎರಡು ಮನೆ ಎಂದು ಇಟ್ಟಿರುತ್ತಾರೆ. ನಮ್ಮ ವಾದಕರು ಹಲವರು ಹನ್ನೆರಡು ಮನೆ, ಅಂದರೆ ಪೂರ್ತಿ ಸಪ್ತಕ ಇಟ್ಟುಕೊಂಡಿದ್ದರು. ಈಗ ಲೆಕ್ಕ ನೋಡಿ. ಶುದ್ಧ ಗಾಂಧಾರದಿಂದ ಪಂಚಮಕ್ಕೆ ಮೀಂಡು. ಮೂರು ಮನೆಯ ದೂರ. ಹನ್ನೆರಡಕ್ಕೆ ಇಟ್ಟವರ ಗಾಲಿ ಕಾಲು ಭಾಗ ತಿರುಗಿದರೆ ಸಾಕು. ಅದೇ ಕಾಲು ಭಾಗವನ್ನು ಎರಡಕ್ಕೆ ಇಟ್ಟ ತಂತ್ರಾಂಶ ಓದಿದರೆ ಸ್ವರ ಅರ್ಧ ಮನೆ ಮಾತ್ರ ಏರುತ್ತದೆ. ಪಂಚಮ ದೂರದ ಮಾತು, ಮಧ್ಯಮಕ್ಕೂ ಮುಟ್ಟದೆ ಗಾಂಧಾರದ ತಲೆಯ ಮೇಲೆ ನಿಂತುಬಿಡುತ್ತದೆ. ಕೇಳಿದವರು ‘ಪಾಪ, ವಾದಕನಿಗೆ ಸ್ವರಜ್ಞಾನವಿಲ್ಲ’ ಅನ್ನುತ್ತಾರೆ. ಅವರ ಸ್ವರಜ್ಞಾನ ಚೆನ್ನಾಗಿಯೇ ಇತ್ತು. ಸಾಗಿಸಿದವರು ಒಂದು ಅಂಕಿ ಕೇಳಲಿಲ್ಲ.

ಆ ಅಂಕಿಯನ್ನು ಕೇಳಬೇಕಾದದ್ದು ನುಡಿಸಿದವರನ್ನೇ. ಬೆಳಗಾವಿ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಹಿರಿಯ ವಾದಕರೊಬ್ಬರ ಸೀಕ್ವೆನ್ಸನ್ನು ಹೀಗೆ ಸಾಗಿಸುತ್ತಿದ್ದಾಗ ಶಹನಾಯಿಯ ತುಣುಕು ಅಪಸ್ವರವಾಗಿ ಬಂತು. “ಕಾಕಾ, ಇಲ್ಲಿ ಬೆಂಡ್ ಎಷ್ಟಕ್ಕ ಇಟ್ಟಿದ್ರಿ?” ಎಂದು ಕೇಳಿದೆ. ಅವರು ತಕ್ಷಣ, “ಶಹನಾಯಿಗಾ? ಏಳಕ್ಕ ಇಡ್ತಿದ್ದೆ. ಸಾ ಹಿಡದ ಪಾ ತನಕ ಗಾಲಿ ತುಂಬ ಹೋಗಬೇಕು, ಅಂದ್ರ ಕೈಗೆ ಗೊತ್ತಾಗತೈತಿ. ಕೊಳಲಿಗೆ ಬ್ಯಾರೆ” ಎಂದರು. ತಂತ್ರಾಂಶದಲ್ಲಿ ಏಳು ಎಂದು ಹಾಕಿದ ಕೂಡಲೇ ಶಹನಾಯಿ ನೆಟ್ಟಗಾಯಿತು. ಯಾವ ಕೈಪಿಡಿಯಲ್ಲೂ ಇಲ್ಲದ ಸಂಖ್ಯೆ ಅದು. ವಾದ್ಯವಾದ್ಯಕ್ಕೆ ಬೇರೆ ಬೇರೆ ಇಟ್ಟುಕೊಳ್ಳುವುದು ಅವರು ತಮಗಾಗಿ ಕಟ್ಟಿಕೊಂಡ ಶಾಸ್ತ್ರ.

ಪಟ್ಟಿಯ, ಅಂದರೆ ಹಾಡಿನ ಷಡ್ಜ ಯಾವ ಮನೆ ಎಂಬುದರ, ವಿಷಯವೂ ಹೀಗೆಯೇ. ಹಾಡುಗಾರರು ಕರಿ ಎರಡು ಅಂದರೆ ವಾದಕರು ಟ್ರಾನ್ಸ್‌ಪೋಸ್ ಗುಂಡಿ ಒತ್ತಿ, ಸಿ ಪಟ್ಟಿಯಲ್ಲೇ ನುಡಿಸುತ್ತಿದ್ದರು. ಕೆಲವು ಯಂತ್ರಗಳು ಏರಿಸಿದ ಸ್ವರವನ್ನೇ ಹೊರಗೆ ಕಳಿಸುತ್ತವೆ, ಕೆಲವು ಒತ್ತಿದ ಮನೆಯನ್ನು ಕಳಿಸುತ್ತವೆ. ಹಳೆಯ ಕ್ಯಾಸೆಟ್ ಒಂದಿದ್ದರೆ ಹೋಲಿಸಿ ನೋಡಬಹುದು. ಇಲ್ಲದಿದ್ದರೆ ಮತ್ತೆ ಕಾಕಾ ಅವರನ್ನೇ ಕೇಳಬೇಕು.

ತಾಳದ ಟ್ರ್ಯಾಕಿನಲ್ಲಿ ಇನ್ನೊಂದು ಅವಾಂತರ. ಯಾವ ಮನೆಗೆ ಯಾವ ಬಡಿತ ಎಂಬುದಕ್ಕೆ ಎಲ್ಲರೂ ಒಪ್ಪಿದ ಪಟ್ಟಿ ಬಂದದ್ದು 1991ರಲ್ಲಿ, ಜನರಲ್ ಮಿಡಿ ಎಂಬ ಹೆಸರಿನಲ್ಲಿ. 36 ಬೇಸ್ ಡ್ರಮ್ಮು, 38 ಸ್ನೇರು, 42 ಮುಚ್ಚಿದ ಹೈಹ್ಯಾಟು. ಅದಕ್ಕೂ ಮೊದಲಿನ ಕೀಬೋರ್ಡುಗಳಿಗೆ ತಮ್ಮ ತಮ್ಮದೇ ಕ್ರಮ. ಜನರಲ್ ಮಿಡಿಯ ಆ ಪಟ್ಟಿಯಲ್ಲಿ ಢೋಲಕ್ಕೂ ಇಲ್ಲ, ತಬಲಾವೂ ಇಲ್ಲ. ನಮ್ಮವರು ತಾವೇ ಮಾಡಿಕೊಂಡ ದನಿಗಳನ್ನು ಖಾಲಿ ಸಿಕ್ಕ ಮನೆಗೆ ಕೂಡಿಸಿದ್ದರು. ಅದನ್ನು ಹಾಗೆಯೇ ತಂದರೆ ‘ಧಾ’ ಬೀಳುವ ಜಾಗದಲ್ಲಿ ಸೀಟಿ ಊದುತ್ತದೆ. ಇದನ್ನು ತಿದ್ದುವುದು ಕಷ್ಟವಲ್ಲ, ಮನೆಮನೆಗೂ ಬೋಲು ಬರೆದ ಒಂದು ಕಾಗದ ಬೇಕು ಅಷ್ಟೇ. ದನಿಗಳ ಸಂಖ್ಯೆಯಲ್ಲೂ ಒಂದು ಯಂತ್ರ ಸೊನ್ನೆಯಿಂದ ಎಣಿಸಿದರೆ ಇನ್ನೊಂದು ಒಂದರಿಂದ ಎಣಿಸುತ್ತದೆ. ಒಂದು ಸಂಖ್ಯೆ ಆಚೀಚೆ ಮಾಡಿ ನೋಡುವ ತಾಳ್ಮೆ ಇರಲಿ.

ನಾನು ಕೈಮುಗಿದು ಬೇಡವೆನ್ನುವ ಒಂದು ಕೆಲಸವಿದೆ. ತಂತ್ರಾಂಶದಲ್ಲಿ ಕ್ವಾಂಟೈಸ್ ಎಂಬ ಸೌಲಭ್ಯ ಇರುತ್ತದೆ. ಒತ್ತಿದರೆ ಅತ್ತಿತ್ತ ಇರುವ ಸ್ವರಗಳೆಲ್ಲ ನೇರ ಗೆರೆಗೆ ಬಂದು ನಿಲ್ಲುತ್ತವೆ. ಹಳೆಯ ಸೀಕ್ವೆನ್ಸನ್ನು ಪರದೆಯ ಮೇಲೆ ನೋಡಿದ ಹುಡುಗರಿಗೆ ಮೊದಲು ಅನ್ನಿಸುವುದೇ ಇದನ್ನು ಒತ್ತೋಣ ಎಂದು. ಸಾಲುಗಳು ಅಂಕುಡೊಂಕಾಗಿ ಕಾಣುತ್ತವೆ, ನಿಜ. ಆದರೆ ಕೆಹರ್ವಾದಲ್ಲಿ ಎರಡನೆಯ ಬಡಿತ ಒಂದು ಎಳೆ ತಡವಾಗಿ ಬೀಳುವುದರಿಂದಲೇ ಅದು ನಡೆಯುತ್ತದೆ, ಕುಣಿಯುತ್ತದೆ. ಢೋಲಕ್ಕಿನವರ ಲಗ್ಗಿಯನ್ನು ಕೇಳಿ ಕೇಳಿ ವಾದಕರು ಬೆರಳಿಗೆ ಇಳಿಸಿಕೊಂಡ ಆ ತಡ ಅಂಕಿಗಳಲ್ಲಿ ಉಳಿದಿದೆ. ಹಳೆಯ ಸೀಕ್ವೆನ್ಸರುಗಳು ಹಲವು ಒಂದು ಮಾತ್ರೆಯನ್ನು 96 ಭಾಗ ಮಾಡಿ ಎಣಿಸುತ್ತಿದ್ದವು. 120ರ ವೇಗದಲ್ಲಿ ಒಂದು ಭಾಗ ಅಂದರೆ ಐದು ಮಿಲಿಸೆಕೆಂಡ್ ಚಿಲ್ಲರೆ. ಇಷ್ಟು ಒರಟಾದ ಜರಡಿಯಲ್ಲೂ ಅವರ ಲಯ ಉಳಿದುಬಂದಿದೆ. ಅದನ್ನು ಒಂದು ಗುಂಡಿ ಒತ್ತಿ ಅಳಿಸುವುದು ನನಗೆ ತಡೆಯಲಾಗದ ಸಂಕಟ. ಹೊಸ ಹಾಡಿಗೆ ಏನು ಬೇಕಾದರೂ ಮಾಡಿ. ಹಳೆಯದರ ಮೂಲಪ್ರತಿಯನ್ನು ಬಂದ ಹಾಗೆಯೇ ಇಡಿ.

ಅಂಕಿ ಸಾಗಿಸಿದ ಮೇಲೆ ದನಿಯನ್ನೂ ಸಾಗಿಸಬೇಕು. ಇದು ಎಷ್ಟು ಮುಖ್ಯ ಎಂದು ತಿಳಿಯಲು ಅಹಮದಾಬಾದಿನ ಒಂದು ಸಂಗತಿ ಹೇಳುತ್ತೇನೆ. 1969ರಲ್ಲಿ ಅಲ್ಲಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಒಂದು ಮೂಗ್ ಸಿಂಥಸೈಜರ್ ಬಂತು. ಅಮೆರಿಕದ ಡೇವಿಡ್ ಟ್ಯೂಡರ್ ಅದನ್ನು ಕೂಡಿಸಿಕೊಟ್ಟರು. ಗೀತಾ ಸಾರಾಭಾಯಿ, ಅತುಲ್ ದೇಸಾಯಿ, ಜಿನರಾಯ ಜೋಶಿಪುರಾ ಮೊದಲಾದವರು ಮೂರು ವರ್ಷ ಅದರ ಮೇಲೆ ಕೆಲಸ ಮಾಡಿದರು. ಆ ಟೇಪುಗಳನ್ನು ಸುಮಾರು ಐದು ದಶಕದ ನಂತರ ಇಂಗ್ಲೆಂಡಿನ ಪಾಲ್ ಪುರ್ಗಾಸ್ ಸಂಸ್ಥೆಯ ಸಂಗ್ರಹದಲ್ಲಿ ಕಂಡುಕೊಂಡರು, 2023ರಲ್ಲಿ ಅವು ಆಲ್ಬಂ ಆಗಿ ಹೊರಬಂದವು. ಅಲ್ಲಿ ಉಳಿದಿದ್ದು ನಾದ. ಯಾವ ವೈರು ಎಲ್ಲಿಗೆ ಚುಚ್ಚಿದ್ದರು, ಯಾವ ಗುಂಡಿ ಎಷ್ಟು ತಿರುಗಿಸಿದ್ದರು ಎಂಬುದನ್ನು ನೆನಪಿಡುವ ಶಕ್ತಿ ಆ ಯಂತ್ರಕ್ಕೇ ಇರಲಿಲ್ಲ. ನಮ್ಮ ಆರ್ಕೆಸ್ಟ್ರಾ ವಾದಕರ ಡಬ್ಬಿಯಲ್ಲಿ ಇದರ ತದ್ವಿರುದ್ಧ: ನಡೆ ಇದೆ, ನಾದ ಇಲ್ಲ. ಯಂತ್ರ ಇನ್ನೂ ದನಿ ಹೊರಡಿಸುತ್ತಿರುವಾಗಲೇ ಎರಡನ್ನೂ ಹಿಡಿದಿಡುವ ಅವಕಾಶ ನಮಗಿದೆ. ಒಂದೊಂದೇ ಟ್ರ್ಯಾಕನ್ನು ಬಿಡಿಯಾಗಿ ನುಡಿಸಿ, ಯಂತ್ರದ ಲೈನ್ ಔಟ್‌ನಿಂದ ದನಿಯಾಗಿಯೂ ರೆಕಾರ್ಡ್ ಮಾಡಿಕೊಳ್ಳಿ. ಎಂ1ರ ಪಿಯಾನೋದಂಥ ದನಿಗಳಿಗೆ ಕಂಪ್ಯೂಟರಿನಲ್ಲಿ ನಕಲು ಸಿಗುತ್ತದೆ. ಆದರೆ ವಾದಕರು ತಾವೇ ತಿದ್ದಿ ಕೂಡಿಸಿದ ದನಿಗೆ ನಕಲು ಎಲ್ಲಿಂದ ತರುವುದು?

ಪುಣೆಯಲ್ಲಿ ಕೂತು ಈ ಮಾತು ಹೇಳುವುದಕ್ಕೆ ಕಾರಣವಿದೆ. ಪ್ರಭಾತ್ ಕಂಪನಿಯ ಸ್ಟುಡಿಯೋ ಇದ್ದ ಜಾಗದಲ್ಲಿ 1960ರಲ್ಲಿ ಫಿಲ್ಮ್ ಇನ್‌ಸ್ಟಿಟ್ಯೂಟ್ ಬಂತು, 1964ರಲ್ಲಿ ಇದೇ ಊರಿನಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಆಯಿತು. ಪಿ.ಕೆ. ನಾಯರ್ ಅವರು ಎಲ್ಲೆಲ್ಲಿಂದಲೋ ರೀಲುಗಳನ್ನು ಹುಡುಕಿ ತಂದು ಅದನ್ನು ಕಟ್ಟಿದರು. ಹಾಗೆ ಕೂಡಿಟ್ಟದ್ದಕ್ಕೂ ಭದ್ರತೆ ಇರಲಿಲ್ಲ. 2003ರ ಜನವರಿ 8ರಂದು ಇನ್‌ಸ್ಟಿಟ್ಯೂಟಿನ ಆವರಣದ ಕೋಠಿಗೆ ಬೆಂಕಿ ಬಿದ್ದು ನೈಟ್ರೇಟ್ ಫಿಲ್ಮಿನ ಹಳೆಯ ಚಿತ್ರಗಳು ಸುಟ್ಟುಹೋದವು. ನಕಲು ಬೇರೆ ಕಡೆ ಇದ್ದವು ಉಳಿದವು, ಇಲ್ಲದವು ಹೋದವು. ಸಿನಿಮಾದ ರೀಲಿಗೆ ಒಂದು ಸಂಗ್ರಹಾಲಯವಾದರೂ ಇದೆ, ದುಡ್ಡು ಇದೆ, ಕೆಲಸ ನಡೆಯುತ್ತಿದೆ. ಆರ್ಕೆಸ್ಟ್ರಾ ವಾದಕರ ಫ್ಲಾಪಿಗೆ ಅವರ ಮನೆಯವರೇ ಸಂಗ್ರಹಾಲಯ.

ಆದ್ದರಿಂದ ಫ್ಲಾಪಿಯ ಜೊತೆಗೆ ಆ ಜನರ ಮಾತನ್ನೂ ಬರೆದಿಡಬೇಕು. ಗ್ರೆಗರಿ ಬೂತ್ ಎಂಬ ವಿದ್ವಾಂಸರು ಮುಂಬಯಿಯ ಸಿನಿಮಾ ವಾದಕರನ್ನು ಒಬ್ಬೊಬ್ಬರಾಗಿ ಮಾತನಾಡಿಸಿ 2008ರಲ್ಲಿ ‘ಬಿಹೈಂಡ್ ದ ಕರ್ಟನ್’ ಎಂಬ ಪುಸ್ತಕ ಮಾಡಿದರು. ಹಾಡಿನ ಹಿಂದಿದ್ದ ನೂರಾರು ಕೈಗಳ ಹೆಸರು ಅದರಿಂದ ಉಳಿಯಿತು. ಬೆಂಗಳೂರಿನ, ಹುಬ್ಬಳ್ಳಿಯ, ಪುಣೆಯ ಕೀಬೋರ್ಡ್ ವಾದಕರಿಗೂ ಅಂಥ ಕೆಲಸ ಆಗಬೇಕು. ದೊಡ್ಡ ಪುಸ್ತಕವೇ ಆಗಬೇಕೆಂದಿಲ್ಲ. ಸೀಕ್ವೆನ್ಸ್ ಸಾಗಿಸುವ ದಿನ ಅವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಪರದೆಯ ಗೆರೆಗಳನ್ನು ಅವರಿಗೆ ತೋರಿಸಬೇಡಿ, ಬರೀ ಕೇಳಿಸಿ. ಎಲ್ಲಿ ಮುಖ ಸಿಂಡರಿಸುತ್ತಾರೋ ಅಲ್ಲಿ ನಿಲ್ಲಿಸಿ ಕೇಳಿ: ಯಾವ ದನಿ, ಬೆಂಡ್ ಎಷ್ಟಕ್ಕೆ, ಪಟ್ಟಿ ಯಾವುದು, ಯಾರ ಹಾಡಿಗೆ, ಯಾವ ವರ್ಷದ ಗಣಪತಿಗೆ. ಉತ್ತರವನ್ನು ಕನ್ನಡದಲ್ಲೇ ಒಂದು ಸಾದಾ ಕಡತದಲ್ಲಿ ಬರೆದು, ಮಿಡಿ ಕಡತ ಮತ್ತು ವೇವ್ ಕಡತಗಳ ಜೊತೆ ಒಂದೇ ಫೋಲ್ಡರಿನಲ್ಲಿ ಇಡಿ. ಅದರ ನಕಲು ಇನ್ನೊಂದು ಮನೆಯಲ್ಲಿರಲಿ. ಫೋಲ್ಡರಿನ ಹೆಸರಿನಲ್ಲಿ ಹಾಡಿಗಿಂತ ಮೊದಲು ನುಡಿಸಿದವರ ಹೆಸರು ಬರಲಿ; ಅಂದಿನ ಕ್ಯಾಸೆಟ್ಟುಗಳ ಹೊದಿಕೆಯ ಮೇಲೆ ಅದಕ್ಕೆ ಜಾಗ ಸಿಕ್ಕಿದ್ದು ಕಡಿಮೆ.